ನಿಮಗಿದು ಗೊತ್ತೆ? ಬಹಿಷ್ಕಾರ ಗೆದ್ದ ಹೆಣ್ಣುಮಕ್ಕಳ ಫುಟ್‌ಬಾಲ್

1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಫುಟ್‌ಬಾಲ್ ಪಂದ್ಯ ನೋಡಲು ಸೇರಿದ್ದವರು ಸುಮಾರು 53,000 ಮಂದಿ! ಆಡಿದವರಲ್ಲಿ ಹೆಚ್ಚಿನವರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ತನ್ನ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ನಿಷೇಧ ತೆರವಾಗಲು ಐವತ್ತು ವರ್ಷ ಬೇಕಾಯಿತು. ಹೆಣ್ಣುಮಕ್ಕಳ ಆಟವನ್ನು ಜನ ನೋಡುವುದಿಲ್ಲ ಎಂಬ ಮಾತು ಅಂದೂ ಸುಳ್ಳಾಗಿತ್ತು.

ನಮ್ಮ ದೇಶದ ಕಥೆ ಇನ್ನೂ ಹೆಮ್ಮೆಯದು. 1983ರ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ವನಿತೆಯರು ರನ್ನರ್ ಅಪ್. 2025ರ ಜುಲೈ 5ರಂದು, ರ್‍ಯಾಂಕಿಂಗ್‌ನಲ್ಲಿ ತಮಗಿಂತ ಮೇಲಿದ್ದ ಥಾಯ್ಲೆಂಡನ್ನು ಅದರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಸುತ್ತು ಗೆದ್ದು ಭಾರತ ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಆಡಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಪಾಲಕರೇ, ಶಿಕ್ಷಕರೇ, ಹುಡುಗಿಯರು ಚೆಂಡು ಕೇಳಿದರೆ ಇಲ್ಲವೆನ್ನಬೇಡಿ. ಶಾಲಾ ಮೈದಾನದಲ್ಲಿ ಅವರಿಗೂ ಜಾಗ ಕೊಡಿ.