ರೂಮು ಕಾದಿರಿಸಿದರೆ ಸಾಲದು, ಯಾವ ರೂಮೆಂದೂ ಕೇಳಿ

ನಾದಿನಿಯ ಮಗಳ ನಿಕಾಹ್‌ಗೆಂದು ಹುಬ್ಬಳ್ಳಿಯಿಂದ ಇಳಕಲ್‌ಗೆ ಹೊರಟಾಗ ನಮ್ಮತ್ತೆಯ ಉತ್ಸಾಹ ಹೇಳತೀರದು. ಮದುವೆ ಮುಗಿಸಿ ಹುನಗುಂದ, ಅಮೀನಗಡ ದಾಟಿ, ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಬಾದಾಮಿಯಲ್ಲಿ ಎರಡು ರಾತ್ರಿ ತಂಗುವುದೆಂದು ಮಕ್ಕಳು ಮೊದಲೇ ತೀರ್ಮಾನಿಸಿದ್ದರು. ಎಪ್ಪತ್ತೆರಡರ ಅತ್ತೆಗೆ ಎರಡೂ ಮೊಣಕಾಲುಗಳ ಸವೆತ. "ಗುಹೆಯ ಮೆಟ್ಟಿಲು ನನ್ನಿಂದ ಆಗದು. ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಒಂದಿಷ್ಟು ಹೊತ್ತು ಕೂತರೆ ಸಾಕು" ಎಂದಿದ್ದರು.

ಲಾಡ್ಜಿಗೆ ಫೋನ್ ಮಾಡಿದ ದಿನವೇ ಕೆಳಗಿನ ಅಂತಸ್ತಿನ ರೂಮು ಬೇಕೆಂದು ಹೇಳಿದ್ದೆ. "ಆಯ್ತ್ರಿ ಮೇಡಂ, ಬರ್ಕೊಂಡೀನಿ" ಎಂಬ ಉತ್ತರ ಬಂತು. ಅಷ್ಟಕ್ಕೇ ನಿಶ್ಚಿಂತಳಾದೆ. ಮುಂದಿನ ಇಪ್ಪತ್ತು ದಿನ ಆ ಮಾತನ್ನೇ ಎತ್ತಲಿಲ್ಲ.

ಪಟ್ಟದಕಲ್ಲಿನ ಸಮತಟ್ಟಾದ ಹುಲ್ಲುಹಾಸಿನಲ್ಲಿ ಅತ್ತೆ ಮೊಮ್ಮಗನ ಕೈ ಹಿಡಿದು ಚೆನ್ನಾಗಿಯೇ ನಡೆದರು. ಸಂಜೆ ಬಾದಾಮಿ ತಲುಪಿದಾಗ ನಮ್ಮ ಕೈಗೆ ಸಿಕ್ಕಿದ್ದು ಎರಡನೇ ಅಂತಸ್ತಿನ ಕೀಲಿ. ಲಿಫ್ಟ್ ಇರಲಿಲ್ಲ. ನನ್ನೊಡನೆ ಮಾತನಾಡಿದ್ದ ಹುಡುಗ ರಜೆಯ ಮೇಲೆ ಹೋಗಿದ್ದ. ಪುಸ್ತಕದಲ್ಲಿ ನಮ್ಮ ಹೆಸರು ಮತ್ತು ಮುಂಗಡದ ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಕೆಳಗಿನ ರೂಮುಗಳು ಮಧ್ಯಾಹ್ನವೇ ಬೇರೆಯವರ ಪಾಲಾಗಿದ್ದವು.

ಅತ್ತೆ ಕಟಕಟೆ ಹಿಡಿದು, ನಡುವೆ ಎರಡು ಕಡೆ ಕುಳಿತು ಮೇಲೆ ಹತ್ತಿದರು. ಹತ್ತಿದವರು ಎರಡು ದಿನ ಇಳಿಯಲೇ ಇಲ್ಲ. ಊಟವೂ ರೂಮಿನಲ್ಲೇ. ಮಂಗಗಳ ಕಾಟಕ್ಕೆ ಕಿಟಕಿಯನ್ನೂ ಮುಚ್ಚಿಡಬೇಕಾಯಿತು. "ನೀವೆಲ್ಲಾ ಹೋಗಿ ಬರ್ರಿ ಬೇಟಾ, ನನಗ ನಿದ್ದಿ ಬರಾಕತ್ತೈತಿ" ಎಂದರು. ಅದು ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯ ಮುಂದೆ ಮಕ್ಕಳು ಫೋಟೋ ತೆಗೆಯುತ್ತಿದ್ದರೆ, ನನ್ನ ಕಣ್ಣು ಕೆಳಗಿನ ಕೆರೆಯ ದಂಡೆಯ ಮೇಲಿತ್ತು.

ತಪ್ಪು ಲಾಡ್ಜಿನವರದೇ ಎಂದು ಆಗ ಸಿಟ್ಟಾಗಿದ್ದೆ. ಆಮೇಲೆ ಯೋಚಿಸಿದಾಗ ನನ್ನ ಪಾಲೂ ಇದೆಯೆನಿಸಿತು. ಸಹೋದರಿಯರೇ, ನಾವು ಕಾದಿರಿಸುವುದು ಸಾಮಾನ್ಯವಾಗಿ ಒಂದು ಬಗೆಯ ರೂಮನ್ನೇ ಹೊರತು ಇಂಥದೇ ನಂಬರಿನ ರೂಮನ್ನಲ್ಲ. ಯಾರಿಗೆ ಯಾವ ರೂಮು ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ನಾವು ತಲುಪುವ ಹಿಂದಿನ ದಿನ ಅಥವಾ ಅದೇ ದಿನ ಬೆಳಿಗ್ಗೆ, ಯಾರು ಖಾಲಿ ಮಾಡುತ್ತಾರೆಂದು ತಿಳಿದ ಮೇಲೆ. ಮೊಬೈಲ್ ಆ್ಯಪ್‌ನಲ್ಲಿ ಕಾದಿರಿಸಿದರೂ ಅಷ್ಟೇ. ಅಲ್ಲಿ ಬರೆದ ವಿಶೇಷ ಕೋರಿಕೆ ಕೇವಲ ಕೋರಿಕೆ, ಭರವಸೆಯಲ್ಲ. ಆದ್ದರಿಂದ ಒಮ್ಮೆ ಹೇಳಿ ಸುಮ್ಮನಾಗಬಾರದು, ಮೂರು ಸಲ ಕೇಳಬೇಕು.

ಮೊದಲನೆಯದು ಕಾದಿರಿಸುವಾಗ. ಬೇಡಿಕೆಯ ಜೊತೆ ಕಾರಣವನ್ನೂ ಹೇಳಿ. "ಕೆಳಗಿನ ರೂಮು ಬೇಕು" ಎನ್ನುವುದಕ್ಕಿಂತ "ಅತ್ತೆಗೆ ಮೆಟ್ಟಿಲು ಹತ್ತಲಾಗದು" ಎಂಬ ಮಾತು ಕೇಳುವವರ ನೆನಪಿನಲ್ಲಿ ಉಳಿಯುತ್ತದೆ. ಮಾತನಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿ, ಅವರ ಉತ್ತರವನ್ನು ಉಳಿಸಿಕೊಳ್ಳಿ.

ಎರಡನೆಯದು ಹೊರಡುವ ಎರಡು ದಿನ ಮುಂಚೆ. ಅದು ಆಗುವುದಿಲ್ಲವೆಂದು ತಿಳಿದರೆ ಬೇರೆ ಕಡೆ ನೋಡಲು ಆಗಿನ್ನೂ ಸಮಯವಿರುತ್ತದೆ. ಬನಶಂಕರಿ ಜಾತ್ರೆಯ ಸಮಯದಲ್ಲಾಗಲಿ, ಮದುವೆಯ ಕಾಲದಲ್ಲಾಗಲಿ ಹೋಗುವವರು ಇದನ್ನು ಮರೆಯಲೇಬಾರದು.

ಮೂರನೆಯದು ತಲುಪುವ ದಿನ ಬೆಳಿಗ್ಗೆ. ಎಷ್ಟು ಗಂಟೆಗೆ ಬರುತ್ತೇವೆಂದು ತಿಳಿಸಿ, ರೂಮಿನ ನಂಬರು ಕೇಳಿ. ನಂಬರು ಹೇಳಿದರೆಂದರೆ ನಿಮ್ಮ ಹೆಸರಿಗೆ ರೂಮು ತೆಗೆದಿಟ್ಟಿದ್ದಾರೆಂದು ಬಹುಮಟ್ಟಿಗೆ ನಂಬಬಹುದು.

ಕೇಳಬೇಕಾದದ್ದು ಅಂತಸ್ತು ಒಂದೇ ಅಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ತಾರಸಿಯ ಕೆಳಗಿನ ರೂಮು ಕಾದ ಹೆಂಚಿನಂತಿರುತ್ತದೆ. ಇಳಕಲ್‌ನಂತಹ ಹೆದ್ದಾರಿಯ ಊರಿನಲ್ಲಿ ರಸ್ತೆ ಕಡೆಯ ರೂಮಿಗೆ ಲಾರಿಗಳ ಸದ್ದು ರಾತ್ರಿಯಿಡೀ ತಪ್ಪದು. ಹೆಣ್ಣುಮಕ್ಕಳೊಂದಿಗೆ ಹೋಗುವವರು ಬಾರ್ ಎಲ್ಲಿದೆಯೆಂದು ಕೇಳಿ, ಅದರಿಂದ ದೂರದ ರೂಮು ಕೇಳಲಿ. ಎರಡು ರೂಮು ಹಿಡಿದರೆ ಅಕ್ಕಪಕ್ಕದಲ್ಲಿರಲಿ. ಮೊಣಕಾಲು ನೋವಿನವರಿಗೆ ಕುಳಿತುಕೊಳ್ಳುವ ಕಮೋಡ್ ಇದೆಯೇ, ಫಜ್ರ್ ಹೊತ್ತಿಗೆ ವುಜೂ ಮಾಡಲು ಬಿಸಿನೀರು ಸಿಗುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ. ನಾಚಿಕೆ ಬೇಡ. ಹಣ ಕೊಟ್ಟು ಕೇಳುತ್ತಿದ್ದೇವೆ, ಜಗಳವಾಡುತ್ತಿಲ್ಲ.

ಮರುವರ್ಷ ಚಳಿಗಾಲದಲ್ಲಿ ಬಾಗಲಕೋಟೆಯಲ್ಲಿ ಇನ್ನೊಂದು ಮದುವೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗಿದ್ದರಿಂದ ಕಟ್ಟಿದ ನವನಗರ ಹಳೆಯ ಊರಿನಿಂದ ದೂರ. ಹಾಗಾಗಿ ಮದುವೆ ಹಾಲ್ ಯಾವ ಕಡೆಯೆಂದು ಮೊದಲು ವಿಚಾರಿಸಿಯೇ ಲಾಡ್ಜ್ ಹುಡುಕಿದೆ. ಎರಡನೇ ಫೋನ್‌ನಲ್ಲಿ, ಕೆಳಗೆ ಉಳಿದಿರುವುದು ಅಡುಗೆಮನೆಯ ಪಕ್ಕದ ರೂಮು ಒಂದೇ, ಬೆಳಿಗ್ಗೆ ಪಾತ್ರೆಗಳ ಸದ್ದಿರುತ್ತದೆ ಎಂದು ತಿಳಿಯಿತು. ಅತ್ತೆಯನ್ನೇ ಕೇಳಿದೆ. "ಸದ್ದಿದ್ರ ಏನಾತು, ಹೆಂಗೂ ಫಜ್ರ್‌ಗೆ ಏಳತೀನಿ" ಎಂದು ನಕ್ಕರು. ಮೂರನೇ ಫೋನ್‌ನಲ್ಲಿ ನಂಬರು ಸಿಕ್ಕಿತು. ತಲುಪಿದಾಗ ಅದೇ ರೂಮಿನ ಕೀಲಿ ಮೇಜಿನ ಮೇಲಿತ್ತು.

ಮದುವೆಯ ಮರುದಿನ ಕಾರು ಮಾಡಿಕೊಂಡು ಬಾದಾಮಿಗೆ ಹೋದೆವು. ಕೆಂಪು ಬಂಡೆಗಳ ನಡುವಿನ ಆ ಕೆರೆಯ ದಂಡೆಯಲ್ಲಿ ಅತ್ತೆ, ಅಮೀನಗಡದ ಕರದಂಟು ಮುರಿದು ಮೊಮ್ಮಗನಿಗೆ ಕೊಡುತ್ತಾ ಅಸರ್ ಹೊತ್ತಿನವರೆಗೆ ಕುಳಿತಿದ್ದರು.

ಮನೆಯ ಹಿರಿಯರು ತಮಗೆ ಬೇಕಾದದ್ದನ್ನು ಬಾಯಿ ಬಿಟ್ಟು ಕೇಳುವುದಿಲ್ಲ. ಅವರಿಗಾಗಿ ನಾವು ಮೂರು ಫೋನ್ ಮಾಡಿದರೆ ಖರ್ಚಾಗುವುದು ಹತ್ತು ನಿಮಿಷ. ಮಾಡದಿದ್ದರೆ ಅವರು ಇಡೀ ಪ್ರವಾಸವನ್ನು ಮುಚ್ಚಿದ ಕಿಟಕಿಯ ಹಿಂದೆ ಕಳೆಯಬೇಕಾದೀತು.