ಎಡ ಯಾವುದು, ಬಲ ಯಾವುದು?

ಹರಿಹರದ ಹರಿಹರೇಶ್ವರ ದೇವಾಲಯವನ್ನು ಪ್ರದಕ್ಷಿಣೆ ಬರುವವನ ಬಲಕ್ಕೆ ದೇವರು. ಅವನೇ ನಿಂತು ದೇವರತ್ತ ತಿರುಗಿದರೆ, ಮುಂದೆ ನಡೆಯಬೇಕಾದ ಹಾದಿ ಎಡಕ್ಕೆ ಬರುತ್ತದೆ. ಬ್ಯಾಂಕು ನೌಕರಿಯ ಪರೀಕ್ಷೆಗಳಲ್ಲಿ ಕೇಳುವ ದುಂಡುಮೇಜಿನ ಸಮಸ್ಯೆಗೆ ಇದೇ ಕೀಲಿಕೈ: ಕೇಂದ್ರಕ್ಕೆ ಮುಖಮಾಡಿ ಕುಳಿತವರಿಗೆಲ್ಲ ಪ್ರದಕ್ಷಿಣೆಯ ದಿಕ್ಕೇ ಎಡ.

ದಾವಣಗೆರೆಯ ದೋಸೆಯಂಗಡಿಯೊಂದರಲ್ಲಿ ನಾಲ್ವರು ಹೀಗೆ ಕುಳಿತಿದ್ದಾರೆ ಎನ್ನೋಣ. ಗೌರಿಯ ಎದುರಿಗೆ ಭೀಮ, ಅವಳ ಎಡಕ್ಕೆ ಚಂದ್ರ, ಉಳಿದವಳು ದೇವಕಿ. ಭೀಮನ ಎಡಕ್ಕೆ ಯಾರು? ದುಂಡಿಗೆ ಮೊದಲಿಲ್ಲ, ಕೊನೆಯಿಲ್ಲ; ಆದುದರಿಂದ ಗೌರಿಯನ್ನು ವೃತ್ತದ ಕೆಳಗಡೆ ಗುರುತಿಸಿಕೊಂಡರಾಯಿತು. ಅವಳಿಂದ ಪ್ರದಕ್ಷಿಣವಾಗಿ ಚಂದ್ರ, ಭೀಮ, ದೇವಕಿ. ಉತ್ತರ ದೇವಕಿಯೇ. ಅವಸರದ ವಿದ್ಯಾರ್ಥಿಯಾದರೋ ಹಾಳೆಯಲ್ಲಿ ತನ್ನ ಎಡಗೈಯ ಕಡೆಗಿರುವ ಚಂದ್ರನ ಹೆಸರನ್ನು ಬರೆದುಬಿಡುತ್ತಾನೆ. ಆ ಪರೀಕ್ಷೆಗಳಲ್ಲಿ ತಪ್ಪುತ್ತರಕ್ಕೆ ಪ್ರಶ್ನೆಯ ಅಂಕದ ಕಾಲುಭಾಗವನ್ನು ಕಳೆಯುತ್ತಾರೆ.