ತೊಗರಿಗೆ ಎಣ್ಣೆ ಹೊಡೆಯೋ ಮುಂಚೆ ಹಾರ್ಮೋನಿನ ಲೆಕ್ಕ ತಿಳ್ಕೊಳ್ರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ತೊಗರಿ ಹೂ ಬಿಟ್ಟರೆ ಬೆನ್ನಿಗೆ ಪಂಪು ಏರುತ್ತೆ. ತಲೆ ಸುತ್ತಿ ವಾಂತಿ ಬಂದ್ರೆ ವಿಷ ತಾಗಿದ್ದು ಗೊತ್ತಾಗುತ್ತೆ. ಹಾರ್ಮೋನಿಗೆ ತಾಗಿದ್ದು ಹಂಗೆ ಗೊತ್ತಾಗಲ್ಲ.

ಮೈಯೊಳಗಿನ ಮೋಟರ್

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನು ಬಿಡುತ್ತೆ. ಗಂಡಸರಲ್ಲಿ ಎಲ್‌ಎಚ್ ವೃಷಣದಿಂದ ಟೆಸ್ಟೊಸ್ಟಿರೋನ್ ಮಾಡಿಸುತ್ತೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯಲು ನೆರವಾಗುತ್ತೆ. ಟೆಸ್ಟೊಸ್ಟಿರೋನ್ ಮತ್ತು ಅದರಿಂದಾಗುವ ಸ್ವಲ್ಪ ಈಸ್ಟ್ರೋಜನ್ ಸಾಕಷ್ಟಾದರೆ ಮೆದುಳಿಗೆ ಸುದ್ದಿ ಹೋಗಿ ಎಲ್‌ಎಚ್ ಇಳಿಯುತ್ತೆ. ಟ್ಯಾಂಕಿ ತುಂಬಿದಾಗ ಮೋಟರ್ ಬಂದ್ ಆದಂಗೆ. ಈಸ್ಟ್ರೋಜನ್ ಥರ ವರ್ತಿಸೋ ರಾಸಾಯನಿಕ ಒಳಗೆ ಹೋದರೆ ಖಾಲಿ ಟ್ಯಾಂಕಿಯೂ ‘ತುಂಬಿದೆ’ ಅಂತ ಸುಳ್ಳು ಸುದ್ದಿ ಹೋಗಬಹುದು.

ಎಂಡೋಸಲ್ಫಾನ್ ಕಲಿಸಿದ್ದು

ಮೊದಲು ತೊಗರಿ ಕಾಯಿಕೊರಕಕ್ಕೂ ಹೊಡೆಯುತ್ತಿದ್ದ ಎಂಡೋಸಲ್ಫಾನ್, ಪ್ರಯೋಗಾಲಯದ ಜೀವಕೋಶಗಳಲ್ಲಿ ದುರ್ಬಲ ಈಸ್ಟ್ರೋಜನ್ ಥರ ವರ್ತಿಸಿತು. ಅದನ್ನು ತಿನ್ನಿಸಿದ ಗಂಡು ಇಲಿಗಳಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೊಸ್ಟಿರೋನ್ ಮೂರೂ ಇಳಿದದ್ದು ಕಂಡಿತು.

ಮನುಷ್ಯರ ಕಥೆ ಕಾಸರಗೋಡು ಜಿಲ್ಲೆಯದು. ಅಲ್ಲಿನ ಗೇರು ತೋಟಗಳಿಗೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಸಿದ್ದರು. ತೋಟದ ಬುಡದ ಊರಿನ 117 ಹುಡುಗರನ್ನು, ಸಿಂಪಡಣೆ ತಾಗದ 90 ಹುಡುಗರ ಜೊತೆ ಹೋಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಊರಿನ ಹುಡುಗರಲ್ಲಿ ಪ್ರಾಯ ಬರೋದು ತಡ, ಟೆಸ್ಟೊಸ್ಟಿರೋನ್ ಕಡಿಮೆ; ಎಲ್‌ಎಚ್ ಮಾತ್ರ ಜಾಸ್ತಿ. ಅಂದ್ರೆ ಮೋಟರ್ ಓಡ್ತಿದೆ, ನೀರು ಏರ್ತಿಲ್ಲ. ಪೆಟ್ಟು ವೃಷಣಕ್ಕೇ ಬಿದ್ದಿರಬಹುದು. ಇಲಿಯಲ್ಲಿ ಕಂಡದ್ದೇ ಮನುಷ್ಯನಲ್ಲಿ ಹಂಗೇ ಕಾಣಬೇಕಂತಿಲ್ಲ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಇದನ್ನು ದೇಶದಾದ್ಯಂತ ನಿಷೇಧಿಸಿತು.

ಇವತ್ತಿನ ಎಲ್ಲ ಎಣ್ಣೆಯೂ ಎಂಡೋಸಲ್ಫಾನ್ ಅಲ್ಲ. ಆದರೂ ಮೈಗೆ ತಾಗದಂತೆ ನೋಡ್ಕೊಳ್ಳೋದೇ ಜಾಣತನ.

ಈ ಹಂಗಾಮಿಗೆ

• ಮೋಹಕ ಬಲೆ ಹಾಕಿ, ಕೀಡೆ ಎಣಿಸಿ, ಆಮೇಲೆ ಎಣ್ಣೆಯ ಮಾತು.
• ಸಾಲಿನ ನಡುವೆ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ ಕೀಡೆ ಉದುರಿಸ್ರಿ.
• 5 ಕೆಜಿ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿ ಹೊಡೀರಿ.
• ರಾಸಾಯನಿಕ ಹೊಡೆಯಲೇಬೇಕಾದರೆ ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ, ಬೂಟು. ಗಾಳಿಗೆ ಎದುರಾಗಿ ಬೇಡ. ಗರ್ಭಿಣಿಯರು, ಮಕ್ಕಳು ದೂರ ಇರಲಿ. ಬಟ್ಟೆ ಬೇರೆ ತೊಳೀರಿ.

ಮದುವೆಯಾಗಿ ವರ್ಷವಾದರೂ ಮಕ್ಕಳಾಗದಿದ್ದರೆ ಬರೀ ಹೆಣ್ಣುಮಗಳನ್ನು ದೂರಬೇಡ್ರಿ. ಗಂಡನೂ ಪರೀಕ್ಷೆ ಮಾಡಿಸ್ಕೊಳ್ಳಲಿ. ಎಷ್ಟು ವರ್ಷದಿಂದ ಯಾವ ಎಣ್ಣೆ ಹೊಡೀತಿದ್ದೀವಿ ಅನ್ನೋದನ್ನೂ ಡಾಕ್ಟರಿಗೆ ಹೇಳಲಿ.